ನಕ್ಷೆಯಲ್ಲಿದ್ದ ಓಲ್ಮಾ

"ನೀನೇ ಕಟ್ಟು ಮಗಳೇ, ನನ್ನ ಕೈ ನಿಲ್ತಾ ಇಲ್ಲ," ಎಂದು ದೋನ್ಯಾ ಮಾಕ್ಲೋವಿಯಾ ಟೈಯ ಎರಡೂ ತುದಿಗಳನ್ನು ಗಂಡನ ಎದೆಯ ಮೇಲೆ ಬಿಟ್ಟು ಪಕ್ಕಕ್ಕೆ ಸರಿದಳು.

ಓತಿಲಿಯಾ ಶವಪೆಟ್ಟಿಗೆಯ ಮೇಲೆ ಬಾಗಿದಳು. ಅನ್ಸೆಲ್ಮೊ ರೊಸಾಲೆಸ್ ಬದುಕಿದ್ದಾಗ ಟೈ ಕಟ್ಟುವ ಪೈಕಿಯವನಲ್ಲ. ಕೆಲಸ ಮಾಡುತ್ತಿದ್ದ ಸಂಶೋಧನಾ ಸಂಸ್ಥೆಗೂ ಮೊಣಕೈ ಸವೆದ ಅದೇ ಹಸಿರು ಸ್ವೆಟರಿನಲ್ಲಿ ಬರುತ್ತಿದ್ದ. ಅವಳು ಅವನ ಕತ್ತಿಗೆ ಸುತ್ತು ಹಾಕಿ, ಗಂಟು ಎಳೆದು, ಕಾಲರಿನ ಕೆಳಗೆ ನೇರ ಮಾಡಿದಳು. ಒಂದೇ ಸಲಕ್ಕೆ ಸರಿಹೋಯಿತು.

"ನೋಡು, ನೋಡು! ಇವ್ರು ಹೇಳ್ತಿದ್ದದ್ದು ಸುಳ್ಳಲ್ಲ," ಎಂದಳು ಮಾಕ್ಲೋವಿಯಾ, ಅಳುವಿನ ನಡುವೆಯೇ. "ಓತಿಲಿಯಾಳದು ಚಿನ್ನದಂಥ ಕೈ, ಆ ಕೈ ತಪ್ಪೋದಿಲ್ಲ ಅನ್ನೋರು. ನಾನು ಸೂಜಿಗೆ ದಾರ ಹಾಕೋಕೆ ಒದ್ದಾಡ್ತಿದ್ರೆ ನಿನ್ನ ಹೆಸರೇ ತೆಗೆಯೋರು."

"ಯಾವಾಗ?"

"ಯಾವಾಗ ಅಂದ್ರೇನು? ಯಾವಾಗ್ಲೂ. ನೀನು ಓದು ಬಿಟ್ಟು ಹೋದ್ಯಲ್ಲ, ಆ ವರ್ಷದಿಂದ್ಲೇ."

ಓತಿಲಿಯಾಳ ಬೆರಳು ಗಂಟಿನ ಮೇಲೆಯೇ ನಿಂತಿತು. ಇನ್ನೊಂದಿಷ್ಟು ಬಿಗಿಯಬೇಕು ಎನಿಸಿತು. ಸತ್ತವನಿಗೆ ಅದರಿಂದ ಏನಾಗಬೇಕು! ಕೈ ತೆಗೆದಳು.

ಅವಳು ಈ ಮನೆಗೆ ಅಳಲು ಬಂದಿರಲಿಲ್ಲ. ಎರಡು ವಾರದ ಹಿಂದೆ ಆಸ್ಪತ್ರೆಯಿಂದ ಅನ್ಸೆಲ್ಮೊನೇ ಫೋನ್ ಮಾಡಿದ್ದ. "ಓಲ್ಮಾ ಇಲ್ಲ, ಓತಿಲಿಯಾ. ಅದು ಎಂದೂ ಇರಲಿಲ್ಲ. ನಾನೇ ಇಟ್ಟದ್ದು. ಮನೆಗೆ ಹೋದ ಮೇಲೆ ಎಲ್ಲರ ಎದುರು ಹೇಳ್ತೀನಿ," ಅಂದಿದ್ದ. ಮನೆಗೆ ಬಂದದ್ದು ಪೆಟ್ಟಿಗೆಯಲ್ಲಿ. ಈಗ ಆ ಮಾತು ಗೊತ್ತಿದ್ದವನು ಸಂಸ್ಥೆಯಲ್ಲಿ ಒಬ್ಬನೇ, ಅಲ್ಲಿನ ಮುಖ್ಯಸ್ಥ ಡಾಕ್ಟರ್ ಬಾರ್ಸೆನಾ. ಮಣ್ಣು ಮಾಡುವುದರೊಳಗೆ ಅವನ ಬಾಯಿಂದ ಅದನ್ನು ಹೊರಡಿಸಬೇಕು ಎಂದು ಅವಳು ಬಂದಿದ್ದಳು.

* * *

ಕ್ವೆರ್ನವಾಕಾ ಪಟ್ಟಣದ ಆ ಸಂಸ್ಥೆಯಲ್ಲಿ ಅನ್ಸೆಲ್ಮೊನ ಕೆಲಸ ಒಂದು ಕಂಪ್ಯೂಟರ್ ಪ್ರೋಗ್ರಾಂ ನೋಡಿಕೊಳ್ಳುವುದು. ಯಾವುದಾದರೂ ಸೂಕ್ಷ್ಮಜೀವಿಯ ಜೀನೋಮನ್ನು ಅದಕ್ಕೆ ಕೊಟ್ಟರೆ, ಅದು ಆ ಜೀನುಗಳನ್ನು ಮೊದಲೇ ಗೊತ್ತಿರುವ ಜೀನುಗಳ ಜತೆ ಹೋಲಿಸಿ ನೋಡಿ, ಆ ಜೀವಿ ಏನು ತಿನ್ನುತ್ತದೆ, ತಿಂದದ್ದನ್ನು ಹಂತಹಂತವಾಗಿ ಏನು ಮಾಡುತ್ತದೆ ಎಂದು ನಕ್ಷೆ ಬಿಡಿಸುತ್ತಿತ್ತು. ಒಂದೊಂದು ಹಂತ ದಾಟಿಸಲು ಒಂದೊಂದು ಕಿಣ್ವ. ಯಾವ ಕಿಣ್ವ ಎಂದು ಗೊತ್ತಿಲ್ಲದ ಕಡೆ ಖಾಲಿ ಬಿಡುವುದು ಪದ್ಧತಿ.

ಕತ್ತಾಳೆ ರಸವನ್ನು ಹುಳಿಸಿ ಪುಲ್ಕೆ ಎಂಬ ಹೆಂಡ ಮಾಡುವ ಜೀವಿಯೊಂದರ ನಕ್ಷೆಯಲ್ಲಿ ಎಲ್ಲ ಹಂತಗಳೂ ತುಂಬಿದ್ದವು. ಆ ಪೈಕಿ ಓಲ್ಮಾ ಎಂಬ ಕಿಣ್ವವನ್ನು ಮಾತ್ರ ಕಣ್ಣಾರೆ ಕಂಡವರಿರಲಿಲ್ಲ. ಇದೆ ಎಂದು ನಕ್ಷೆ ಹೇಳುತ್ತಿತ್ತು, ಅಷ್ಟೇ. ಜೀವಿಯೊಳಗಿಂದ ಅದನ್ನು ಬೇರ್ಪಡಿಸಿ, ಕೆಲಸ ಮಾಡಿಸಿ ತೋರಿಸುವುದು ಓತಿಲಿಯಾಳ ಡಾಕ್ಟರೇಟ್ ಆಗಿತ್ತು.

ಐದು ವರ್ಷ ತೋರಿಸಲು ಹೆಣಗಿದಳು. ಹೊರಗೆ ಬೋಗನ್‌ವಿಲ್ಲಾ ಉರಿಯುವ ಬಿಸಿಲು. ಅವಳು ಮಾತ್ರ ಥಂಡಿ ಕೋಣೆಯಲ್ಲಿ ಉಣ್ಣೆ ಟೋಪಿ ಹಾಕಿಕೊಂಡು, ಬಿರಿದ ಬೆರಳುಗಳಲ್ಲಿ ಗಾಜಿನ ಕೊಳವೆಗಳಿಂದ ತೊಟ್ಟುತೊಟ್ಟು ಇಳಿಸುತ್ತ ಕೂತಿರುತ್ತಿದ್ದಳು. ಪ್ರತಿ ಸಲ ಫಲ ಸೊನ್ನೆ. ಅದೇ ಕೊಳವೆಯಲ್ಲಿ ಬೇರೆ ಯಾವ ಕಿಣ್ವ ಹುಡುಕಿದರೂ ಸಿಗುತ್ತಿತ್ತು, ಓಲ್ಮಾ ಒಂದನ್ನು ಬಿಟ್ಟು. ಕೊನೆಗೊಂದು ಶುಕ್ರವಾರದ ಸಭೆಯಲ್ಲಿ ಧೈರ್ಯ ಮಾಡಿ, ನಕ್ಷೆಯೇ ತಪ್ಪಿರಬಹುದಲ್ಲವೇ ಎಂದು ಕೇಳಿಬಿಟ್ಟಳು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!" ಎಂದು ಡಾಕ್ಟರ್ ಬಾರ್ಸೆನಾ ನಕ್ಕ. ಸಭೆಯೂ ನಕ್ಕಿತು. "ನಕ್ಷೆ ತಪ್ಪಲ್ಲ ಹುಡುಗಿ, ನಿನ್ನ ಕೈ ತಪ್ಪು. ಕೆಲವರಿಗೆ ಈ ಕೆಲಸಕ್ಕೆ ಬೇಕಾದ ಕೈ ಇರೋದಿಲ್ಲ. ಬೇಜಾರು ಮಾಡ್ಕೋಬಾರದು."

ಅನ್ಸೆಲ್ಮೊ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕಿತ್ತಳೆ ಸುಲಿಯುತ್ತ ಕೂತಿದ್ದ. ಎಲ್ಲರೂ ಎದ್ದು ಹೋದ ಮೇಲೆ ಅವಳ ಕೈಗೆ ಅರ್ಧ ಹಣ್ಣು ಇಟ್ಟು, ಏನೂ ಹೇಳದೆ ಹೋದ. ಆ ಕಟ್ಟಡದಲ್ಲಿ ಕರುಳು ಇರುವವನು ಇವನೊಬ್ಬನೇ ಎಂದುಕೊಂಡು ಅವಳು ಆ ಹಣ್ಣು ತಿಂದಿದ್ದಳು. ಹನ್ನೆರಡು ವರ್ಷ ಹಾಗೆಯೇ ಅಂದುಕೊಂಡಿದ್ದಳು, ಪೆದ್ದಿ.

ಪದವಿ ಆಗಲಿಲ್ಲ. ಈಗ ಪೇಟೆಯ ಹಿಂದಿನ ಸಣ್ಣ ಲ್ಯಾಬೊಂದರಲ್ಲಿ ರೋಗಿಗಳ ರಕ್ತ ತೆಗೆಯುವ ಕೆಲಸ. ಓತಿಲಿಯಾ ಚುಚ್ಚಿದರೆ ಗೊತ್ತೇ ಆಗುವುದಿಲ್ಲ ಎಂದು ತಾಯಂದಿರು ಮಕ್ಕಳನ್ನು ಅವಳ ಹತ್ತಿರವೇ ಕರೆತರುತ್ತಾರೆ. ಆದರೂ ಸೂಜಿ ಎತ್ತಿಕೊಂಡಾಗಲೆಲ್ಲ ಅವಳಿಗೆ ಆ ಶುಕ್ರವಾರದ ನಗು ಕೇಳಿಸುತ್ತದೆ.

* * *

ಅಂಗಳದಲ್ಲಿ ಟಾರ್ಪಾಲಿನ್ ಕೆಳಗೆ ಕುರ್ಚಿ ಹಾಕಿದ್ದರು. ಹೆಂಗಸರು ದಾಲ್ಚಿನ್ನಿ ಹಾಕಿದ ಕಾಫಿ, ಜೋಳದ ಕಡುಬಿನಂಥ ತಮಾಲೆ ಹಂಚುತ್ತಿದ್ದರು. ಪಕ್ಕದ ಮನೆಯ ಎವರಿಸ್ತೊ, ಅನ್ಸೆಲ್ಮೊನ ಮಗಳ ಜ್ಞಾನಸ್ನಾನಕ್ಕೆ ಧರ್ಮಪಿತನಾಗಿ ನಿಂತ ಕೊಂಪಾದ್ರೆ, ಗುಂಪು ಕಟ್ಟಿಕೊಂಡು ಕೂತಿದ್ದ.

"ಅಲ್ಲ, ಅನ್ಸೆಲ್ಮೊ ಮಾಡ್ತಿದ್ದ ಕೆಲಸ ಆದ್ರೂ ಏನು?" ಎಂದು ಯಾರೋ ಕೇಳಿದರು.

"ನನ್ನ ಕೇಳ್ಬೇಡಪ್ಪ. ಒಂದ್ಸಲ ಕಂಪ್ಯೂಟರಲ್ಲಿ ತೋರಿಸಿದ. ಗೆರೆ, ಚುಕ್ಕಿ, ಬಾಣ, ರಾಜಧಾನಿಯ ಮೆಟ್ರೊ ನಕ್ಷೆ ಇದ್ದ ಹಾಗೇ ಇತ್ತು. 'ಕೊಂಪಾದ್ರೆ, ನಾವು ಇಳಿಯೋದು ಯಾವ ಸ್ಟೇಷನ್ನು?' ಅಂದೆ. 'ಇದರಲ್ಲಿ ಜನ ಓಡಾಡಲ್ಲ, ಸಕ್ಕರೆ ಓಡಾಡುತ್ತೆ' ಅಂದ. ನನಗೆ ಸಕ್ಕರೆ ಕಾಯಿಲೆ ಅಂತ ಗೊತ್ತಿದ್ದೂ ಅಂದ, ನೋಡಿ!"

ಎಲ್ಲರೂ ನಕ್ಕರು. "ಒಳ್ಳೇ ಮನುಷ್ಯ," ಎಂದ ಎವರಿಸ್ತೊ ಕಣ್ಣೊರೆಸಿಕೊಂಡು. "ಯಾರ ಮನೆ ಆಂಟೆನಾ ಬಿದ್ರೂ ಅವನೇ ಹತ್ತಬೇಕು. ಬ್ಯಾಂಡಿನೋರಿಗೆ ಟ್ಯೂಬಾ ಊದೋಕೆ ಆಳಿಲ್ಲ ಅಂದ್ರೆ ಅವನೇ. ಜ್ವರ ಬಂದಿದ್ರೂ ಹೊರಟುಬಿಡೋನು. ಇಲ್ಲ ಅನ್ನೋ ಮಾತು ಅವನ ಬಾಯಲ್ಲಿ ನಾನಂತೂ ಕೇಳಿಲ್ಲ."

ಸತ್ತವರೆಲ್ಲ ಒಳ್ಳೆಯವರೇ. ಆದರೆ ಈ ಮಾತು ನಿಜ ಎಂದು ಓತಿಲಿಯಾಳಿಗೂ ಗೊತ್ತಿತ್ತು. ಅದೇ ಅವಳ ಹೊಟ್ಟೆ ಉರಿಸುತ್ತಿತ್ತು.

ಡಾಕ್ಟರ್ ಬಾರ್ಸೆನಾ ಬಂದ. ಹಿಂದೆ ವಿದ್ಯಾರ್ಥಿಗಳ ದಂಡು, ಬಿಳಿ ಹೂವಿನ ದೊಡ್ಡ ಚಕ್ರ. ವಿಧವೆಯನ್ನು ತಬ್ಬಿಕೊಂಡು, ಪೆಟ್ಟಿಗೆಯ ಮುಂದೆ ಕಣ್ಣು ಮುಚ್ಚಿ ನಿಂತು, ನೋಡುವವರು ನೋಡಿಯಾದ ಮೇಲೆ ಕಾಫಿಗೆ ಬಂದ. ಲೋಟ ಕೊಟ್ಟವಳು ಓತಿಲಿಯಾ.

"ಓಲ್ಮಾ ವಿಷಯ ಅನ್ಸೆಲ್ಮೊ ನಿಮಗೆ ಹೇಳಿದ್ದ, ಅಲ್ವಾ ಡಾಕ್ಟ್ರೇ?"

ಅವನು ಕಾಫಿ ಊದಿಕೊಂಡ. "ನೋವಿಗೆ ಮಾರ್ಫಿನ್ ಕೊಡ್ತಿದ್ರು. ಕೊನೇಲಿ ಏನೇನೋ ಬಡಬಡಿಸ್ತಿದ್ದ, ಪಾಪ."

"ಕೊನೇದು ಬಿಡಿ. ನನ್ನನ್ನ ಆಚೆ ಹಾಕೋ ಮುಂಚೆ ಹೇಳಿದ್ದನೋ ಇಲ್ವೋ?"

"ಇದು ಸಾವಿನ ಮನೆ, ಓತಿಲಿಯಾ. ಸತ್ತವನ ಮುಖಕ್ಕೆ ಮಸಿ ಬಳಿಯೋಕೆ ಬಂದ್ಯಾ?"

"ಮಸಿ ಅವನೊಬ್ಬನಿಗೇ ಹತ್ತಿದ್ರೆ ನೀವೇ ಬಳೀತಿದ್ರಿ."

ಬಾರ್ಸೆನಾ ಸುತ್ತ ನೋಡಿದ. ದನಿ ತಗ್ಗಿಸಿದ. "ಆ ನಕ್ಷೆ ಇಟ್ಕೊಂಡು ಎಷ್ಟು ದೇಶದಲ್ಲಿ ಎಷ್ಟು ಜನ ಕೆಲಸ ಮಾಡ್ತಿದ್ದಾರೆ ಗೊತ್ತಾ? ಒಂದು ಕಡೆ ತಪ್ಪು ಅಂದ್ರೆ ಉಳಿದದ್ದನ್ನೂ ಯಾರೂ ನಂಬಲ್ಲ. ನಿನ್ನೊಬ್ಬಳ ಸಮಾಧಾನಕ್ಕೆ ಮೂವತ್ತು ವರ್ಷದ್ದನ್ನ ಕೆಡವು ಅಂತೀಯಾ? ಅದೂ ಅಲ್ದೆ, ಈ ಸಲ ಸಿಕ್ಕೇ ಸಿಗುತ್ತೆ. ಅಗೋ, ಆ ಜಡೆ ಹುಡುಗಿ ನೋಡು, ಯಾರೆಲಿ. ಬಹಳ ಚುರುಕು. ಮೂರನೇ ವರ್ಷ."

"ಏನು ಸಿಗುತ್ತೆ?"

"ಓಲ್ಮಾ."

ಓತಿಲಿಯಾ ಆ ಹುಡುಗಿಯ ಕಡೆ ತಿರುಗಿ ನೋಡಿದಳು. "ಇಲ್ಲ ಅಂತ ಗೊತ್ತಿದ್ದೂ ಆ ಮಗೂನ ಹುಡುಕೋಕೆ ಬಿಟ್ಟಿದ್ದೀರಾ?"

"ಇಲ್ಲ ಅಂತ ತೋರಿಸಿದವರು ಯಾರು? ನೀನಾ? ನಿನ್ನ ಕೈ..." ಎಂದವನು ಅಲ್ಲಿಗೇ ನಿಲ್ಲಿಸಿ, ಲೋಟವನ್ನು ಕಿಟಕಿಯ ಮೇಲಿಟ್ಟು ಹೋದ.

* * *

ಫೋನಿನಲ್ಲಿ ಅನ್ಸೆಲ್ಮೊ ನಿಂತುನಿಂತು, ಉಸಿರು ಹಿಡಿದು ಹೇಳಿದ್ದ.

ಆ ಪುಲ್ಕೆ ಜೀವಿಯ ನಕ್ಷೆಯಲ್ಲಿ ಒಂದು ಕಡೆ ಖಾಲಿ ಇತ್ತಂತೆ. ದೊಡ್ಡ ಸಮ್ಮೇಳನಕ್ಕೆ ನಕ್ಷೆಯನ್ನು ಗೋಡೆಯಷ್ಟು ದೊಡ್ಡದಾಗಿ ಅಚ್ಚು ಹಾಕಿಸಬೇಕು. 'ನಡುವೆ ತೂತು ಇದ್ದರೆ ಹಲ್ಲು ಬಿದ್ದ ಬಾಯಿ ಥರ ಕಾಣುತ್ತೆ, ಏನಾದ್ರೂ ಹಾಕು' ಎಂದ ಬಾರ್ಸೆನಾ. ಅನ್ಸೆಲ್ಮೊ ಇಲ್ಲ ಎನ್ನಲಿಲ್ಲ. ಚೂರುಪಾರು ಹೋಲಿಕೆಯಿದ್ದ ಒಂದು ಜೀನನ್ನು ಅಲ್ಲಿ ಕೂರಿಸಿ, ಓಲ್ಮಾ ಎಂದು ಹೆಸರಿಟ್ಟ. ಅಚ್ಚಾದ ಮೇಲೆ ತೆಗೆದರಾಯಿತು ಅಂದುಕೊಂಡ. ಅಷ್ಟರಲ್ಲಿ ಮಗಳಿಗೆ ಟೈಫಾಯ್ಡ್ ಆಗಿ ರಜೆ ಹಾಕಿದ. ತಿಂಗಳ ಕೊನೆಗೆ ಬೇರೆ ದೇಶಗಳ ಪ್ರೋಗ್ರಾಂಗಳು ಎಂದಿನಂತೆ ಬಂದು ನಕ್ಷೆಯನ್ನು ನಕಲು ಮಾಡಿಕೊಂಡು ಹೋದವು. ವಾಪಸು ಬಂದವನಿಗೆ ಅದು ಮರೆತೇ ಹೋಗಿತ್ತು.

"ಆಮೇಲೆ ಒಂದಿನ ನೆನಪಾಗಿ ಅಳಿಸೋಕೆ ಕೂತೆ, ಓತಿಲಿಯಾ. ನೋಡ್ತೀನಿ, ಹೊಸ ಜೀನೋಮುಗಳಲ್ಲೆಲ್ಲ ಓಲ್ಮಾ ಇದೆ! ಜಪಾನಿನೋರು ಹಾಕಿದ್ದಾರೆ, ಜರ್ಮನಿಯೋರು ಹಾಕಿದ್ದಾರೆ. ಅರೆ, ಅವರೂ ಕಂಡುಹಿಡಿದಿದ್ದಾರೆ, ನನ್ನ ಊಹೆ ನಿಜವೇ ಆಯ್ತಲ್ಲ ಅಂದ್ಕೊಂಡೆ. ಎಷ್ಟು ಖುಷಿಯಾಗಿತ್ತು ಗೊತ್ತಾ? ಮಾಕ್ಲೋವಿಯಾಗೆ ಸಿಹಿ ಬ್ರೆಡ್ಡು ತಗೊಂಡ್ಹೋದೆ."

ತನ್ನ ಕೂಸನ್ನೇ ಬೇರೆಯವರ ಅಂಗಿಯಲ್ಲಿ ನೋಡಿ ಗುರುತು ಹಿಡಿಯಲಿಲ್ಲ ಆ ಮನುಷ್ಯ. ಓತಿಲಿಯಾಳಿಗೆ ಐದು ವರ್ಷ ಸೊನ್ನೆಯೇ ಬಂದಾಗ ಮಾತ್ರ ಅವನಿಗೆ ಅನುಮಾನ ಹುಟ್ಟಿತು. ಯಾರು ಯಾರಿಂದ ನಕಲು ಮಾಡಿದರು ಎಂದು ಒಂದೊಂದನ್ನೇ ಹಿಂದಕ್ಕೆ ಹಿಡಿದುಕೊಂಡು ಹೋದ. ಜಪಾನು, ಜರ್ಮನಿ, ಎಲ್ಲ ದಾರಿಯೂ ಬಂದು ನಿಂತದ್ದು ಅವನ ಮೇಜಿನ ಮುಂದೆಯೇ. ಒಂದು ಗುರುವಾರ ಬಾರ್ಸೆನಾನ ಕೋಣೆಗೆ ಹೋಗಿ ಹೇಳಿದ. 'ಬಾಯಿ ಮುಚ್ಕೊಂಡಿರು' ಎಂದ ಬಾರ್ಸೆನಾ. ಅನ್ಸೆಲ್ಮೊ ಅದಕ್ಕೂ ಇಲ್ಲ ಎನ್ನಲಿಲ್ಲ. ಮರುದಿನ ಶುಕ್ರವಾರ.

"ಕಿತ್ತಳೆ ಕೊಟ್ಯಲ್ಲ ನನಗೆ," ಎಂದಿದ್ದಳು ಓತಿಲಿಯಾ.

ಎಲ್ಲರ ಎದುರು ಹೇಳ್ತೀನಿ ಎಂದು ಅವನು ಮಾತು ಕೊಟ್ಟದ್ದು ಆಗಲೇ.

* * *

ಯಾರೆಲಿ ನೀರಿನ ತೊಟ್ಟಿಯ ಹತ್ತಿರ ಲೋಟ ತೊಳೆಯುತ್ತಿದ್ದಳು. ಇಪ್ಪತ್ತಾರು ಇಪ್ಪತ್ತೇಳರ ಹುಡುಗಿ. ಬೆರಳ ತುದಿಗಳು ಥಂಡಿಗೆ ಬಿರಿದಿದ್ದವು. ಆ ಬಿರುಕುಗಳನ್ನು ನೋಡಿದ್ದೇ ಓತಿಲಿಯಾಳ ಸಿಟ್ಟೆಲ್ಲ ಕರುಣೆಯಾಗಿ ಕರಗಿತು. ಈ ಒಬ್ಬಳು ಉಳಿದರೆ ಸಾಕು, ತನ್ನದು ಹೋದರೆ ಹೋಗಲಿ ಎನಿಸಿತು.

"ವ್ಯಾಸಲೀನ್ ಹಚ್ಚು, ಮೇಲೆ ಹತ್ತಿ ಗ್ಲೌಸ್ ಹಾಕ್ಕೊಂಡು ಮಲಗು," ಎಂದಳು. "ಓಲ್ಮಾ ಹುಡುಕ್ತಿದ್ದೀಯಂತೆ."

ಹುಡುಗಿಯ ಮುಖ ಅರಳಿ, ಕೂಡಲೇ ಬಾಡಿತು. "ಸಿಗ್ತಾ ಇಲ್ಲ ಸೆನ್ಯೋರಾ. ನನ್ನ ಕೈಯೇ ಸರಿ ಇಲ್ವೇನೋ."

"ನಿನ್ನ ಕೈ ಸರಿಯಾಗಿದೆ. ಓಲ್ಮಾನೇ ಇಲ್ಲ. ಅಚ್ಚು ಹಾಕ್ಸೋಕೆ ಅಂತ ಅನ್ಸೆಲ್ಮೊ ಸುಮ್ನೆ ಇಟ್ಟ ಹೆಸರು ಅದು. ಸಾಯೋ ಮುಂಚೆ ಅವನೇ ನನಗೆ ಹೇಳಿದ. ಬೇರೆ ವಿಷಯ ತಗೋ ಮಗಳೇ. ನಾನು ಐದು ವರ್ಷ ಕಳ್ಕೊಂಡೆ."

ಯಾರೆಲಿ ಲೋಟ ಕೆಳಗಿಟ್ಟಳು. ಅವಳು ಸಿಟ್ಟಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳ ಕಣ್ಣಲ್ಲಿ ಕಂಡದ್ದು ಅನುಕಂಪ.

"ನೀವು ಓತಿಲಿಯಾ ಅಲ್ವಾ? ಡಾಕ್ಟ್ರು ಬರ್ತಾ ಕಾರಲ್ಲಿ ಹೇಳಿದ್ರು, ನೀವು ಬಂದಿರಬಹುದು, ಹೀಗೆ ಹೇಳಬಹುದು ಅಂತ. ನಿಮ್ಮ ನೋವು ನನಗೆ ಅರ್ಥ ಆಗುತ್ತೆ ಸೆನ್ಯೋರಾ. ಆದ್ರೆ ಹನ್ನೊಂದು ಸಾವಿರ ಜೀನೋಮಲ್ಲಿದೆ ಓಲ್ಮಾ. ಹನ್ನೊಂದು ಸಾವಿರವೂ ತಪ್ಪಾಗೋಕೆ ಆಗುತ್ತಾ?"

"ಒಂದೇ ತಪ್ಪು ಹನ್ನೊಂದು ಸಾವಿರ ಸಲ ನಕಲಾಗಿದೆ, ಅಷ್ಟೇ! ಯಾರು ಯಾರಿಂದ ಹಾಕಿದ್ರು ಅಂತ ಹಿಂದಕ್ಕೆ ಹೋಗಿ ನೋಡು."

"ದೋನ್ ಅನ್ಸೆಲ್ಮೊ ನನ್ನ ಪಕ್ಕದಲ್ಲೇ ಕೂರ್ತಿದ್ರು, ಮೂರು ವರ್ಷ. ದಿನಾ ಅರ್ಧ ಕಿತ್ತಳೆ ಕೊಡ್ತಿದ್ರು. ಅಂಥವರು ಗೊತ್ತಿದ್ದೂ ನನಗೆ ಹೇಳದೇ ಇರ್ತಿದ್ರಾ?" ಹುಡುಗಿ ಒದ್ದೆ ಕೈಯಿಂದಲೇ ಕಣ್ಣೊರೆಸಿಕೊಂಡಳು. "ಇವತ್ತಾದ್ರೂ ಅವರ ಬಗ್ಗೆ ಹೀಗೆಲ್ಲ ಮಾತಾಡಬೇಡಿ."

ಅಷ್ಟರಲ್ಲಿ ಗಂಡಸರು ಪೆಟ್ಟಿಗೆ ಎತ್ತಿದರು, ಹೊರಗೆ ಬ್ಯಾಂಡು ಶುರುವಾಯಿತು.

ಅನ್ಸೆಲ್ಮೊನ ಊರು ಓಕೊಟೆಪೆಕ್‌ನ ಬೀದಿ ಏರು. ಪೆಟ್ಟಿಗೆಯ ಹಿಂದೆ ಮಾಕ್ಲೋವಿಯಾ ಓತಿಲಿಯಾಳ ತೋಳು ಹಿಡಿದು ನಡೆದಳು. ಸ್ವಲ್ಪ ದೂರ ಹೋದ ಮೇಲೆ ಓತಿಲಿಯಾ ಕೇಳಿಯೇಬಿಟ್ಟಳು.

"ದೋನ್ಯಾ, ಅವರು ನನ್ನ ಕೈ ಚಿನ್ನ ಅಂತಿದ್ರಲ್ಲ, ಯಾಕೆ ಅಂತ ನಿಮಗೆ ಗೊತ್ತು."

ಮುದುಕಿ ಹೆಜ್ಜೆ ತಪ್ಪಿಸಲಿಲ್ಲ. "ಗೊತ್ತು. ಗಂಡ ನಿದ್ದೇಲಿ ಏನು ಕನವರಿಸ್ತಾನೆ ಅಂತ ಹೆಂಡ್ತಿಗೆ ಗೊತ್ತಿರಲ್ವಾ?"

"ಹಾಗಾದ್ರೆ ಆ ಹುಡುಗಿಗೆ ಒಂದು ಮಾತು ಹೇಳಿ. ನೀವು ಹೇಳಿದ್ರೆ ನಂಬ್ತಾಳೆ."

"ಇವತ್ತೊಂದಿನ ಬಿಟ್ಬಿಡು ಮಗಳೇ. ಊರೆಲ್ಲ ಅವರನ್ನ ಒಳ್ಳೆಯವರು ಅಂತಿದೆ. ಮಣ್ಣಾಗೋವರೆಗೂ ಅನ್ನಲಿ."

"ಆಮೇಲೆ?"

"ಆಮೇಲೆ ನಾನೂ ಇದೇ ಊರಲ್ಲಿ ಬಾಳಬೇಕಲ್ಲ."

ಹಿಡಿದ ತೋಳನ್ನು ಅವಳು ಬಿಡಲಿಲ್ಲ, ಇನ್ನೂ ಬಿಗಿಯಾಗಿ ಹಿಡಿದುಕೊಂಡಳು. ಕೊಡವಿಕೊಂಡು ಹೋಗಲು ಓತಿಲಿಯಾಳಿಗೆ ಮನಸ್ಸಾಗಲಿಲ್ಲ.

ಸ್ಮಶಾನದಲ್ಲಿ ಪುಟ್ಟಪುಟ್ಟ ಮನೆಗಳ ಹಾಗೆ ಕಟ್ಟಿ ಗುಲಾಬಿ, ನೀಲಿ ಬಳಿದ ಗೋರಿಗಳ ನಡುವೆ ಅನ್ಸೆಲ್ಮೊನ ಗುಂಡಿ ತೆಗೆದಿತ್ತು. ಪೆಟ್ಟಿಗೆ ಇಳಿಸಿದರು. ಡಾಕ್ಟರ್ ಬಾರ್ಸೆನಾ ಮುಂದೆ ಬಂದು ಗಂಟಲು ಸರಿಮಾಡಿಕೊಂಡ.

"ಮೂವತ್ತು ವರ್ಷ ಈ ಮನುಷ್ಯ ಜೀವದ ನಕ್ಷೆ ಬಿಡಿಸಿದ. ಅದರಲ್ಲಿ ಒಂದು ತಪ್ಪು ತೋರಿಸಿದವರು ಇವತ್ತಿನವರೆಗೂ ಹುಟ್ಟಿಲ್ಲ."

ಹೆಂಗಸರು ಬಿಕ್ಕಿದರು. ಓತಿಲಿಯಾಳಿಗೆ ಮೈಯೆಲ್ಲ ಉರಿಯಿತು. ಇಲ್ಲೇ ಚೀರಿ ಹೇಳಿಬಿಡಲೇ ಎಂದುಕೊಂಡಳು. ಹೇಳಿದರೆ ಏನಾಗುತ್ತದೆಂದು ಗೊತ್ತಿತ್ತು: ಹುಚ್ಚಿ, ಹೊಟ್ಟೆಕಿಚ್ಚಿನವಳು, ಹೆಣದ ಮುಂದೆ ಜಗಳ ತೆಗೆದವಳು.

ಸಂಸ್ಥೆಯವರಲ್ಲಿ ಒಂದು ರೂಢಿಯಿದೆ. ಜತೆಗಾರ ಸತ್ತರೆ ಗುಂಡಿಯ ಮುಂದೆ ಮೂರು ಸಲ ಅವನ ಹಾಜರಿ ಕೂಗುತ್ತಾರೆ. ಸತ್ತವನ ಪರವಾಗಿ ಉಳಿದವರೆಲ್ಲ ಓಗೊಡಬೇಕು. ಬಾರ್ಸೆನಾ ಕೈ ಮೇಲೆತ್ತಿದ.

"ಅನ್ಸೆಲ್ಮೊ ರೊಸಾಲೆಸ್!"

"ಹಾಜರ್!"

"ಅನ್ಸೆಲ್ಮೊ ರೊಸಾಲೆಸ್!"

"ಹಾಜರ್!"

ಮೂರನೆಯ ಸಲದ ಕೂಗು ಗೋರಿಗಳಿಗೆ ಬಡಿದು ನಿಂತಿತು. ಆಗ ಓತಿಲಿಯಾಳಿಗೆ ಹೊಳೆಯಿತು. ಜಗಳ ಯಾಕೆ, ವಿವರಿಸುವುದು ಯಾಕೆ! ಇಲ್ಲದವಳ ಹೆಸರು ಕೂಗಿದರಾಯಿತು. ಯಾರು ಓಗೊಡುತ್ತಾರೆ? ಆ ಮೌನ ಎಲ್ಲರಿಗೂ ಕೇಳಿಸುತ್ತದೆ, ಯಾರೆಲಿಗೂ ಕೇಳಿಸುತ್ತದೆ. ಬಾರ್ಸೆನಾ ಆ ಮೌನದ ಎದುರು ನಿಲ್ಲಬೇಕಾಗುತ್ತದೆ.

"ಓಲ್ಮಾ!" ಎಂದು ಕೂಗಿದಳು.

ತಲೆಗಳು ತಿರುಗಿದವು. ಬಾರ್ಸೆನಾನ ಬಾಯಿ ಅರ್ಧ ತೆರೆದೇ ಉಳಿಯಿತು. ಯಾರೂ ಉಸಿರೆತ್ತಲಿಲ್ಲ. ಮಾಕ್ಲೋವಿಯಾ ಕಣ್ಣು ಮುಚ್ಚಿಕೊಂಡಳು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಓತಿಲಿಯಾಳ ಎದೆ ಹಗುರಾಯಿತು.

"ಹಾಜರ್!"

ಎಳೆಯ ದನಿ. ಯಾರೆಲಿ ಬಿರಿದ ಬೆರಳುಗಳ ಕೈಯನ್ನು ಮೇಲೆತ್ತಿ ನಿಂತಿದ್ದಳು. ಅವಳ ಹಿಂದೆ ಉಳಿದ ವಿದ್ಯಾರ್ಥಿಗಳೂ ಕೈ ಎತ್ತಿದರು. ಅನ್ಸೆಲ್ಮೊನ ಕೆಲಸಕ್ಕೆ ಇದಕ್ಕಿಂತ ದೊಡ್ಡ ಗೌರವ ಇನ್ನೇನಿದೆ ಎಂಬಂತೆ ಅವರೇ ಎರಡನೆಯ ಸಲ ಕೂಗಿದರು, ಅವರೇ ಓಗೊಟ್ಟರು.

ಮೂರನೆಯ ಸಲ ಕೂಗಿದವನು ಬಾರ್ಸೆನಾ. ದನಿ ಸ್ವಲ್ಪವೂ ನಡುಗಲಿಲ್ಲ. ಊರವರೂ ದನಿಗೂಡಿಸಿದರು. ಓಲ್ಮಾ ಯಾರ ಮಗಳು, ಯಾವಾಗ ಸತ್ತಳು ಎಂದೇನೂ ಗೊತ್ತಿಲ್ಲದ ಎವರಿಸ್ತೊ ಟೋಪಿ ತೆಗೆದು ಎದೆಗೊತ್ತಿಕೊಂಡು, ಎಲ್ಲರಿಗಿಂತ ಗಟ್ಟಿಯಾಗಿ "ಹಾಜರ್!" ಎಂದ.

ಯಾರೆಲಿ ಓತಿಲಿಯಾಳ ಕಡೆ ತಿರುಗಿದಳು. ಒದ್ದೆ ಕಣ್ಣಲ್ಲೇ ನಕ್ಕು, ಕೃತಜ್ಞತೆಯಿಂದ ತಲೆ ಬಾಗಿಸಿದಳು.